ಗಿರಣಿ ಮನೆಯ ಅಂತರಗಂಗೆ

ನಮ್ಮ ಊರಿನಲ್ಲಿ ಸಂಜೆ ನೀರು ಹಿಡಿದಿಟ್ಟರೆ ಬೆಳಗಾಗುವಷ್ಟರಲ್ಲಿ ಅದರಲ್ಲಿ ಅಂತರಗಂಗೆ ಬಂದು ಕೂತಿರುತ್ತದೆ. ಹಂಡೆ, ಡ್ರಮ್ಮು, ಹಿತ್ತಿಲ ತೊಟ್ಟಿ, ಕೊನೆಗೆ ಮಂಚದ ಪಕ್ಕ ಇಟ್ಟುಕೊಂಡ ಲೋಟ, ಯಾವುದನ್ನೂ ಅದು ಬಿಡುವುದಿಲ್ಲ. ಲೋಟದ ಗಿಡ ಕೊತ್ತಂಬರಿ ಎಲೆಯಷ್ಟಿರುತ್ತದೆ, ಬೆರಳಲ್ಲಿ ಸರಿಸಿ ನೀರು ಕುಡಿಯುತ್ತೇವೆ. ಹೊರಗಿನಿಂದ ಬಂದ ಸೊಸೆಯರು ಮೊದಮೊದಲು ಮುಖ ಕಿವುಚುತ್ತಾರೆ. ಆಮೇಲೆ ತವರಿಗೆ ಹೋದಾಗ ಅಲ್ಲಿಯ ಬರಿ ನೀರು ಕಂಡು ಅವರೇ ಸಪ್ಪೆ ಅನ್ನುತ್ತಾರೆ. ಪುರಸಭೆಯವರು ಒಮ್ಮೆ ಹುಮ್ಮಸ್ಸು ಬಂದು ಇಡೀ ಕೆರೆಯ ಗಿಡ ಕೀಳಿಸಿ ಲಾರಿಗೆ ತುಂಬಿ ಸಾಗಿಸಿದ್ದರು. ಲಾರಿಯಿಂದ ಉದುರಿದ ಚೂರುಗಳೆಲ್ಲ ದಾರಿಯ ಗುಂಡಿಗಳಲ್ಲಿ ಚಿಗುರಿ, ವಾಪಸ್ ಬರುವಾಗ ಡ್ರೈವರಿಗೆ ರಸ್ತೆ ಯಾವುದು ಕೆರೆ ಯಾವುದು ತಿಳಿಯದೆ, ಇಳಿದು ಕೋಲಿನಿಂದ ತಡವಿಕೊಂಡು ಊರು ಸೇರಿದನಂತೆ. ಅಲ್ಲಿಗೆ ಕೀಳುವ ಮಾತು ನಿಂತಿತು.

ಎಲ್ಲಿ ಬಿಟ್ಟರೆ ಅಲ್ಲಿಯದಾಗುವುದು ಈ ಗಿಡದ ಗುಣ. ಬೋರ್‌ವೆಲ್ಲಿನ ಉಪ್ಪು ನೀರು ಬರುವ ಬೀದಿಯಲ್ಲಿ ಅದು ಗಿಡ್ಡವಾಗಿ, ಎಲೆ ಗಡುಸಾಗಿ ಬದುಕುತ್ತದೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸೋಪಿನ ನೀರು ಕುಡಿದು ಮೈಕೈ ತುಂಬಿಕೊಳ್ಳುತ್ತದೆ. ತೀರ ತಿಳಿ ನೀರಾದರೆ ತಿನ್ನಲು ಏನೂ ಸಿಗದೆ, ಬೇರನ್ನು ಜಡೆಯಷ್ಟುದ್ದ ಇಳಿಬಿಟ್ಟು ಹುಡುಕಾಡುತ್ತದೆ. ನೀರೇ ಬತ್ತಿತೋ, ಕೆಸರಿಗೆ ಬೇರೂರಿ ತಾನು ಹುಟ್ಟಿದ್ದೇ ಅಲ್ಲಿ ಅನ್ನುವ ಹಾಗೆ ನಿಂತುಬಿಡುತ್ತದೆ. ಇನ್ನು ಮನೆಯೊಳಗಿನ ಗಿಡ ಬೆಳೆಯುವುದು ಮನೆಯ ಜನಕ್ಕೆ ತಕ್ಕ ಹಾಗೆ. ಜನ ತುಂಬಿದ ಮನೆಯಲ್ಲಿ ದಂಟು ಸಣ್ಣಗೆ ಉದ್ದಕ್ಕೆ ಏಳುತ್ತದೆ. ಒಬ್ಬರೇ ಇರುವ ಮನೆಯಲ್ಲಿ ದಂಟನ್ನು ನಿಂಬೆಹಣ್ಣಿನಂತೆ ಉಬ್ಬಿಸಿಕೊಂಡು, ನೀರಿನ ಮೇಲೆ ಕೈಕಾಲು ಚಾಚಿ ಮಲಗುತ್ತದೆ. ಮನೆ ಖಾಲಿಯಾದರೆ ಬೀಜ ಉದುರಿಸಿ ತಳಕ್ಕಿಳಿಯುತ್ತದೆ, ಮತ್ತೆ ಯಾರಾದರೂ ಬಂದು ಒಲೆ ಹಚ್ಚಿದ ದಿನ ಮೇಲೇಳುತ್ತದೆ.

ಹಾಗಾಗಿ ನಮ್ಮಲ್ಲಿ ಯಾರ ಮನೆಗೆ ಹೋದರೂ ಮೊದಲು ಹಂಡೆಗೆ ಇಣುಕುವುದು ಮರ್ಯಾದೆ. ಇಣುಕಲು ಬಿಡದೆ ಇರುವುದು ಅವಮರ್ಯಾದೆ. ಮನೆ ಮಾಲೀಕರು ಬಾಡಿಗೆಯವರ ಹಂಡೆ ನೋಡಿ, "ನಿಮ್ಮ ಭಾವಮೈದ ಇನ್ನೂ ಹೊರಟಿಲ್ಲ ಅನ್ನಿ" ಅಂತ ನಗುತ್ತಾರೆ. ಬಸುರಿಗೆ ಗೊತ್ತಾಗುವ ಮೊದಲೇ ಅತ್ತೆಗೆ ಹಂಡೆ ಹೇಳಿರುತ್ತದೆ. ಖಾನಾವಳಿಯ ಡ್ರಮ್ಮಿನ ಗಿಡವಂತೂ ಊಟದ ಹೊತ್ತಿಗೆ ಎದೆಯೆತ್ತರ ಎದ್ದು, ಜನ ಕೈ ತೊಳೆದು ಹೋಗುತ್ತಿದ್ದಂತೆ ಕುಗ್ಗಿ, ದಿನಕ್ಕೆರಡು ಸಲ ಈ ಕಸರತ್ತು ಮಾಡಿ ಮಾಡಿ ಸುಸ್ತಾಗಿರುತ್ತದೆ. ಗಂಡ ಹೆಂಡತಿ ಮಾತು ಬಿಟ್ಟ ಮನೆಯಲ್ಲಿ ಗಿಡ ಎರಡು ಹೋಳಾಗಿ ಆ ಕಡೆಗೊಂದು ಈ ಕಡೆಗೊಂದು ಮುಖ ತಿರುಗಿಸಿ ಕೂರುತ್ತದೆ. ನೀರು ಮೊಗೆಯುವವರಿಗೆ ಅದರಿಂದ ಅನುಕೂಲವೇ.

ನಾನು ಗಿರಣಿ ಪ್ರಭಕ್ಕ. ಅಪ್ಪನ ಕಾಲದ ಹಿಟ್ಟಿನ ಗಿರಣಿ, ಅದರ ಹಿಂದೆಯೇ ಮನೆ, ಮನೆಯಲ್ಲಿ ನಾನೊಬ್ಬಳು. ಮದುವೆ ಯಾಕೆ ಆಗಲಿಲ್ಲ ಅಂತ ಕೇಳಿದವರಿಗೆಲ್ಲ ಗಿರಣಿ ಸದ್ದಿನಲ್ಲಿ ಕೇಳಿಸಲಿಲ್ಲ ಅಂತ ಹೇಳಿ ಹೇಳಿ ನಲವತ್ತು ದಾಟಿಸಿದೆ. ನನ್ನ ಹಂಡೆಯ ಅಂತರಗಂಗೆ ಊರಿಗೇ ಹೆಸರುವಾಸಿಯಾಗಿತ್ತು. ದುಂಡು ದುಂಡಗೆ ಉಬ್ಬಿದ ದಂಟು, ಅಗಲ ಎಲೆ, ಯಾರ ಹಂಗೂ ಇಲ್ಲದ ಠೀವಿ. ಕೂಡು ಕುಟುಂಬದ ಸೊಸೆಯರು ರಾಗಿ ಬೀಸಿಸಲು ಬಂದವರು ಹಾಗೇ ಒಳಗೆ ಬಂದು, ನನ್ನ ಹಂಡೆಯ ಮುಂದೆ ಸ್ವಲ್ಪ ಹೊತ್ತು ನಿಂತು, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ನನಗೆ ಅದರ ಜಂಬ ಇತ್ತು. ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಅಮಾವಾಸ್ಯೆಯ ಮಾರನೇ ದಿನ ಬೆಳಿಗ್ಗೆ ಹಂಡೆಗೆ ಚೊಂಬು ಅದ್ದಿದೆ. ಏನೋ ಮೊಣಕೈಗೆ ತಾಗಿತು. ನೋಡಿದರೆ ಎಲೆ. ನಿನ್ನೆ ಮಲಗಿದ್ದ ಗಿಡ ಎದ್ದು ನಿಂತಿದೆ. ನಿಂಬೆಹಣ್ಣುಗಳೆಲ್ಲ ಇಳಿದು, ದಂಟು ಸೊಂಟ ನೆಟ್ಟಗೆ ಮಾಡಿಕೊಂಡು, ಪಕ್ಕದಲ್ಲಿ ಯಾರೋ ಬಂದು ಕೂತರು ಅಂತ ಜಾಗ ಬಿಟ್ಟುಕೊಟ್ಟ ಹಾಗೆ ಒಂದು ಬದಿಗೆ ಸರಿದಿದೆ. ನಾನು ಕಣ್ಣುಜ್ಜಿಕೊಂಡು ಮತ್ತೆ ನೋಡುತ್ತಿರುವಾಗಲೇ ಪಕ್ಕದ ಮನೆಯ ಅಚ್ಚಮ್ಮ ಮಜ್ಜಿಗೆ ಕೇಳಿಕೊಂಡು ಬಂದಳು. ಅಚ್ಚಮ್ಮ ಹಪ್ಪಳ ಲಟ್ಟಿಸಿ ಮಾರುವವಳು, ಹಂಡೆ ನೋಡಿ ಮನೆಯ ಜಾತಕ ಹೇಳುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಇಣುಕಿದಳು. ಮಜ್ಜಿಗೆ ಪಾತ್ರೆ ಕೆಳಗಿಟ್ಟಳು.

"ಪ್ರಭಾ, ಯಾರೇ ಅದು?"

"ಯಾವುದು ಯಾರು?"

"ನನ್ನ ಹತ್ರ ಆಟ ಕಟ್ಟಬೇಡ. ಇಬ್ಬರ ಗಿಡ ಇದು."

"ಬಿಸಿಲಿಗೆ ಹೀಗಾಗಿರಬೇಕು."

"ನಿನ್ನ ಬಚ್ಚಲಿಗೆ ಯಾವತ್ತು ಬಿಸಿಲು ಬಂದಿತ್ತು?" ಅಂತ ಹೇಳಿ ಅಚ್ಚಮ್ಮ ಮಂಚದ ಕೆಳಗೆ ಬಗ್ಗಿ ನೋಡಿದಳು, ಅಟ್ಟಕ್ಕೆ ಏಣಿ ಹಾಕಿದಳು, ರಾಗಿ ಮೂಟೆಗಳ ಸಂದಿಯಲ್ಲಿ ಕೈಯಾಡಿಸಿದಳು. ಯಾರೂ ಸಿಗಲಿಲ್ಲ. ಅದು ಅವಳ ಅನುಮಾನವನ್ನು ಇನ್ನೂ ಗಟ್ಟಿ ಮಾಡಿತು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಯಾರದೇ ಹಂಡೆಯಲ್ಲಿ ಹೊಸಬರು ಕಂಡರೆ ಬೀದಿಯ ಹೆಂಗಸರು ಅಚ್ಚು ಬೆಲ್ಲ ಹಿಡಿದುಕೊಂಡು ಬರುತ್ತಾರೆ. ಮನೆಯವರು ಹೊಸ ಮುಖವನ್ನು ಹೊಸ್ತಿಲಿಗೆ ಕರೆತಂದು ತೋರಿಸಬೇಕು, ಬೆಲ್ಲವನ್ನು ಅವರ ಬಾಯಿಗಿಡಬೇಕು. ಕೂಸಾದರೆ ನಾಲಿಗೆಗೆ ಸವರುತ್ತಾರೆ. ಜೈಲಿಂದ ಬಿಟ್ಟು ಬಂದ ಗಂಡನಿಗೂ ಹೀಗೆ ಬೆಲ್ಲ ತಿನ್ನಿಸಿದ್ದುಂಟು. ಬಂದ ಬೆಲ್ಲವನ್ನು ವಾಪಸ್ ಕಳಿಸುವ ಹಾಗಿಲ್ಲ. ಅಚ್ಚಮ್ಮನ ಬಾಯಿ ಸುಮ್ಮನಿರುತ್ತದೆಯೇ, ಮಧ್ಯಾಹ್ನದ ಹೊತ್ತಿಗೆ ನನ್ನ ಹೊಸ್ತಿಲ ಮುಂದೆ ಇಡೀ ಬೀದಿ. ಎಲ್ಲರ ಕೈಯಲ್ಲೂ ಬೆಲ್ಲ, ಎಲ್ಲರ ಮುಖದಲ್ಲೂ ನಗು. "ಮುಖ ತೋರ್ಸು ಪ್ರಭಕ್ಕ, ಎಷ್ಟೊತ್ತು ಬಚ್ಚಿಡ್ತೀಯ" ಅಂತ ಒಬ್ಬಳು. "ಕುಳ್ಳಗಿದ್ರೂ ಪರವಾಗಿಲ್ಲ, ತೋರ್ಸು" ಅಂತ ಇನ್ನೊಬ್ಬಳು. ನನಗೆ ತೋರಿಸಲು ಮುಖವಿಲ್ಲ. ಬೆಕ್ಕನ್ನು ಎತ್ತಿ ತೋರಿಸಿದೆ. ಗಿಡ ಬೆಕ್ಕನ್ನು ಎಣಿಸುವುದಿಲ್ಲ ಅಂತ ಅವರೆಲ್ಲ ಒಕ್ಕೊರಲಿನಿಂದ ಹೇಳಿ, ಬೆಲ್ಲ ಜಗುಲಿಯ ಮೇಲೆ ಪೇರಿಸಿ ಹೋದರು. ಆಮೇಲೆ ಇರುವೆಗಳು ಬಂದವು.

ನನಗೆ ಸಿಟ್ಟು ಬಂತು. ನನ್ನ ಮನೆ, ನನ್ನ ಹಂಡೆ, ನನ್ನನ್ನು ಕೇಳದೆ ಇದಕ್ಕೆ ಲೆಕ್ಕ ಹೇಳುವ ಅಧಿಕಾರ ಕೊಟ್ಟವರು ಯಾರು? ಗಿಡವನ್ನು ಬುಡಸಮೇತ ಎತ್ತಿ ಎರಡಾಗಿ ಮುರಿದೆ. ಬೆಳಿಗ್ಗೆ ಹಂಡೆಯಲ್ಲಿ ಎರಡು ಗಿಡ, ಎರಡೂ ಇಬ್ಬರ ಗಿಡ. ದನ ನೀರು ಕುಡಿಯುವ ದೊಡ್ಡ ತೊಟ್ಟಿಗೆ ಹಾಕಿದೆ, ಜಾಗ ಸಿಕ್ಕರೆ ಹಳೆ ಚಾಳಿಗೆ ಬಂದು ಮಲಗೀತು ಅಂತ. ತೊಟ್ಟಿಯ ತುಂಬ ಹರಡಿಕೊಂಡು ನೆಟ್ಟಗೇ ನಿಂತಿತು. ಉಪ್ಪು ನೀರಿನ ಬೀದಿಯಿಂದ ಕೊಡ ಹೊತ್ತು ತಂದು ಸುರಿದೆ. ಗಿಡ್ಡಗಾಯಿತು, ಗಡುಸಾಯಿತು, ಇಬ್ಬರದೇ ಆಗಿ ಉಳಿಯಿತು. ಕೊನೆಗೆ ಬಚ್ಚಲ ಮೋರಿಗೆ ಬಿಸಾಕಿದರೆ ಕೆಸರಲ್ಲಿ ಬೇರೂರಿ, ದಾರಿಯಲ್ಲಿ ಹೋಗುವವರಿಗೂ ಕಾಣುವ ಹಾಗೆ ಎದ್ದಿತು. ಮೊದಲು ಮನೆಯೊಳಗೆ ಬಂದು ನೋಡಬೇಕಿತ್ತು, ಈಗ ಬೀದಿಯಿಂದಲೇ ನೋಡಿಕೊಂಡು ಹೋದರು. ನಾನು ಸೋತು ಅದನ್ನು ತೊಳೆದು ಮತ್ತೆ ಹಂಡೆಗೇ ಬಿಟ್ಟೆ.

ಬೀದಿಯವರು ಈ ಮಧ್ಯೆ ತಾವೇ ಹುಡುಕುವುದಕ್ಕೆ ಹೊರಟಿದ್ದರು. ಎರಡನೆಯವರು ಯಾರೆಂದು ತಿಳಿಯಬೇಕಾದರೆ ಅವರನ್ನು ಹಂಡೆಯ ಪಕ್ಕ ನಿಲ್ಲಿಸಬೇಕಂತೆ, ಎಲೆ ಅವರ ಕಡೆ ವಾಲುತ್ತದಂತೆ. ಇದನ್ನು ಅಚ್ಚಮ್ಮ ಆಗಷ್ಟೇ ಹುಟ್ಟುಹಾಕಿದಳು ಅಂತ ನನಗೆ ಈಗಲೂ ಅನುಮಾನ. ದಿನಾ ನನ್ನ ಜಗುಲಿಯಲ್ಲಿ ಕೂತು ನೀರು ಕುಡಿಯುವ ಪೋಸ್ಟ್‌ಮ್ಯಾನನ್ನು ತಂದು ನಿಲ್ಲಿಸಿದರು. ಅವನ ಹೆಂಡತಿಯೂ ಜೊತೆಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಪಾಪ, ಎಲೆ ಅಲುಗಾಡದಿರಲಿ ಅಂತ ಅವನು ಉಸಿರು ಕೂಡ ಬಿಡಲಿಲ್ಲ. ಆಮೇಲೆ ಸೋಡಾ ಅಂಗಡಿಯವನು ಬಂದ. ಅವನಾದ ಮೇಲೆ, ಪಾವು ಗೋಧಿಯನ್ನು ದಿನಕ್ಕೊಂದು ಹಿಡಿಯ ಹಾಗೆ ಬೀಸಿಸಲು ತರುತ್ತಿದ್ದ ನಿವೃತ್ತ ತಹಶೀಲ್ದಾರರು ಕೋಟು ಹಾಕಿಕೊಂಡು, ಕರೆಯದೆ ತಾವೇ ಬಂದು ಹಂಡೆಯ ಪಕ್ಕ ನಿಂತರು. ಗಿಡ ಯಾರ ಕಡೆಗೂ ವಾಲಲಿಲ್ಲ. ತಹಶೀಲ್ದಾರರು ಇನ್ನೊಂದು ಬದಿಯಿಂದ ನಿಂತು ನೋಡಲೇ ಅಂತ ಕೇಳಿದರು.

ನಗಬೇಡವೆಂದರೂ ನನಗೆ ನಗು ಬರುತ್ತಿತ್ತು. ಆದರೆ ಎಲ್ಲರೂ ಹೋದ ಮೇಲೆ ಒಬ್ಬಳೇ ಕೂತು ಆ ಗಿಡವನ್ನು ನೋಡುವಾಗ ಆ ನಗು ಉಳಿಯುತ್ತಿರಲಿಲ್ಲ. ಅದು ಸುಳ್ಳು ಹೇಳಿದ್ದನ್ನು ಈ ಊರಿನಲ್ಲಿ ಯಾರೂ ಕಂಡಿಲ್ಲ. ಹಾಗಾದರೆ ನನ್ನ ಮನೆಯಲ್ಲಿ ಇನ್ನೊಬ್ಬರು ಇರುವುದು ನಿಜ, ಅವರು ಯಾರೆಂದು ನನಗೇ ಗೊತ್ತಿಲ್ಲ. ಬೆಳಿಗ್ಗೆ ನೀರು ಮೊಗೆಯುವಾಗ, ಸರಿದು ಕೂತ ಆ ಗಿಡಕ್ಕೆ ನಾನೂ ಸ್ವಲ್ಪ ಜಾಗ ಬಿಟ್ಟು ಮೊಗೆಯತೊಡಗಿದ್ದೆ.

ಗಂಟು ಬಿಡಿಸಿದವರು ನಮ್ಮೂರ ಹಲ್ಲಿನ ಡಾಕ್ಟರು ಹೇರಂಬ. ಹುಣ್ಣಿಮೆ ಹತ್ತಿರ ಬಂದಿತ್ತು. ಅವರು ರಾಗಿ ತಂದಿರಲಿಲ್ಲ, ಒಂದು ಸಣ್ಣ ಡಬ್ಬಿ ತಂದಿದ್ದರು. ಗಿರಣಿಯಲ್ಲಿ ಆಗ ಅಚ್ಚಮ್ಮನೂ ಸೇರಿ ಆರೇಳು ಜನ ಹೆಂಗಸರು ಸಾಲಲ್ಲಿ ನಿಂತಿದ್ದರು.

"ಪ್ರಭಕ್ಕ, ನಿಮಗೆ ಥ್ಯಾಂಕ್ಸ್ ಹೇಳಿ ಹೋಗೋಣ ಅಂತ ಬಂದೆ," ಅಂದರು ಡಾಕ್ಟರು. "ಈ ಬೀದಿಯೋರು ಅರ್ಧ ಜನ ನನ್ನ ಕುರ್ಚಿ ಮೇಲೆ ಕೂತು ಎದ್ದಿದಾರೆ. ಯಾರ ಹಲ್ಲು ನೋಡಿದ್ರೂ ಸವೆದಿದೆ. ಮುದ್ದೇಲಿ ಕಲ್ಲು ಪುಡಿ ಇದೆಯಲ್ರೀ." ಡಬ್ಬಿ ತೆರೆದು ತೋರಿಸಿದರು. ಬೂದು ಬಣ್ಣದ ಪುಡಿ.

"ಅದು ಗಿರಣಿ ಕಲ್ಲಿಗೆ ಹೊಸದಾಗಿ ಹಲ್ಲು ಹಾಕಿಸಿದಾಗ ಒಂದೆರಡು ದಿನ ಉದುರುತ್ತೆ ಡಾಕ್ಟ್ರೇ," ಅಂದೆ. ಬೀಸುವ ಕಲ್ಲು ಸವೆದು ನುಣುಪಾದರೆ ಹಿಟ್ಟಾಗುವುದಿಲ್ಲ. ಉಳಿ ಸುತ್ತಿಗೆಯಿಂದ ಅದರ ಮೈಮೇಲೆ ಸಣ್ಣ ಸಣ್ಣ ಕಚ್ಚು ಹಾಕಿಸಬೇಕು. ಎರಡು ಮೂರು ತಿಂಗಳಿಗೊಮ್ಮೆ ಇರುವ ಕೆಲಸವೇ.

"ಯಾವಾಗ ಹಾಕ್ಸಿದ್ದು?"

"ಮೊನ್ನೆ ಸೋಮವಾರ."

"ಅದಕ್ಕೆ ಮುಂಚೆ?"

"ಅದರ ಹಿಂದಿನ ಸೋಮವಾರ."

ಅಚ್ಚಮ್ಮ ರಾಗಿ ಡಬ್ಬ ಕೆಳಗಿಟ್ಟಳು. "ಅದಕ್ಕೂ ಹಿಂದೆ?" ಅಂತ ಮೆಲ್ಲಗೆ ಕೇಳಿದಳು.

ಲೆಕ್ಕ ಹಾಕಿದರೆ ಸಂಕ್ರಾಂತಿಯಿಂದ ಈಚೆ ಒಂದು ಸೋಮವಾರವೂ ಬಿಟ್ಟಿರಲಿಲ್ಲ. ಕಲ್ಲು ಸವೆಯುವ ಮೊದಲೇ ಸವೆದಿದೆ ಅಂತ ಹೇಳಿ ಕಳಿಸಿದ್ದೆ. ಒಮ್ಮೆಯಂತೂ ಕರೆಂಟಿಲ್ಲದೆ ಗಿರಣಿಯೇ ಓಡದ ವಾರವೂ ಹೇಳಿ ಕಳಿಸಿದ್ದೆ.

"ಹಲ್ಲು ಹಾಕೋನು ಆ ತಿಪ್ಪೇಸ್ವಾಮಿ ಅಲ್ವೇನೇ?" ಅಂದಳು ಅಚ್ಚಮ್ಮ.

ಹೆಸರು ಕಿವಿಗೆ ಬಿದ್ದ ಕೂಡಲೇ ನನ್ನ ಕೈಯಲ್ಲಿದ್ದ ಮೊರ ಜಾರಿತು. ಹಿಟ್ಟು ಎಲ್ಲರ ಮೇಲೂ ಎದ್ದಿತು. ಆ ಧೂಳಿನೊಳಗಿಂದ ಅಚ್ಚಮ್ಮನ ನಗು ಮೊದಲು ಬಂತು, ಆಮೇಲೆ ಎಲ್ಲರದ್ದೂ. "ನೀನು ಪ್ರೀತಿ ಮಾಡು ತಾಯಿ, ನಮ್ಮ ಹಲ್ಲು ಯಾಕೆ ತೆಗಿತೀಯ" ಅಂತ ಒಬ್ಬಳು ಕೆನ್ನೆ ಹಿಡಿದುಕೊಂಡು ನಕ್ಕಳು. ಡಾಕ್ಟರು ತಮಗೇನೂ ತಕರಾರಿಲ್ಲ ಅಂತ ಹೇಳಿದರು.

ತಿಪ್ಪೇಸ್ವಾಮಿ ಅಂದರೆ ಊರ ಹೊರಗೆ ಕಲ್ಲುಕ್ವಾರಿಯ ಹತ್ತಿರ ಒಬ್ಬರೇ ಇರುವವರು. ಬರುತ್ತಾರೆ, ಗಿರಣಿ ಕಲ್ಲನ್ನು ಮಗುಚಿ ಹಾಕಿಕೊಂಡು ಕಾಲು ಮಡಚಿ ಕೂರುತ್ತಾರೆ, ಹುಬ್ಬಿಗೆ ಹಿಟ್ಟು ಹತ್ತಿಸಿಕೊಂಡು ಟಕಟಕ ಅಂತ ಉಳಿ ಬಡಿಯುತ್ತಾರೆ. ನಾನು ಎದುರಿಗೆ ಮೂಟೆ ಮೇಲೆ ಕೂತು ಊರ ಸುದ್ದಿಯೆಲ್ಲ ಹೇಳುತ್ತೇನೆ. ಅವರು ಹ್ಞೂಂ ಅನ್ನುತ್ತಾರೆ. ಒಮ್ಮೆ ಪೋಸ್ಟ್‌ಮ್ಯಾನನ ಹೆಂಡತಿ ಮಾತಾಡುವ ಶೈಲಿಯನ್ನು ಮಾಡಿ ತೋರಿಸಿದಾಗ ಉಳಿ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕಿದ್ದರು. ಆವತ್ತಿನಿಂದ ವಾರವಿಡೀ ನಾನು ಅವರಿಗೆ ಹೇಳಲು ಸುದ್ದಿ ಕೂಡಿಡುತ್ತಿದ್ದೆ. ಮಂಗಳವಾರ ಏನಾದರೂ ತಮಾಷೆ ನಡೆದರೆ ಸೋಮವಾರದ ತನಕ ಕಾಯಬೇಕಲ್ಲ ಅಂತ ಬೇಜಾರಾಗುತ್ತಿತ್ತು. ಇಷ್ಟೆಲ್ಲ ಆಗಿಯೂ ನನಗೆ ತಿಳಿದಿರಲಿಲ್ಲ. ಹಂಡೆಗೆ ತಿಳಿದಿತ್ತು. ನನಗೆ ಅವರನ್ನು ಕಂಡರೆ ಇಷ್ಟ. ತುಂಬ ಇಷ್ಟ. ನಲವತ್ತು ವರ್ಷ ಗಿರಣಿ ಸದ್ದಿನಲ್ಲಿ ಕೇಳಿಸದಿದ್ದ ಮಾತು ಒಟ್ಟಿಗೇ ಕೇಳಿಸಿತು.

ಕೇಳಿಸಿದ್ದೇ ತಡ, ಹೆದರಿಕೆಯೂ ಆಯಿತು. ಮೊನ್ನೆ ಸೋಮವಾರ ಬಂದಾಗ ಅವರು ಮೊದಲಿನ ಹಾಗಿರಲಿಲ್ಲ. ಹ್ಞೂಂ ಅನ್ನುವುದೂ ಕಡಿಮೆಯಾಗಿತ್ತು. ಕಾಫಿ ಬೇಡವೆಂದರು. ಹೋಗುವಾಗ ಬಾಗಿಲಲ್ಲಿ ನಿಂತು, "ಇನ್ಮುಂದೆ ನಾನು ಬರೋದು ಆಗುತ್ತೋ ಇಲ್ವೋ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಅಂದಿದ್ದರು. ಕರೆದಾಗೆಲ್ಲ ಬಂದರು, ಕೂಲಿ ತಗೊಂಡರು, ಅಷ್ಟೇ ಇರಬಹುದು. ವಾರವಾರ ಕರೆದು ತಲೆ ತಿನ್ನುವ ಗಿರಣಿ ಹೆಂಗಸಿನಿಂದ ತಪ್ಪಿಸಿಕೊಂಡರೆ ಸಾಕಾಗಿರಬಹುದು. ಅವರ ಹಂಡೆಯಲ್ಲೂ ಇಬ್ಬರ ಗಿಡ ಇದ್ದರೆ ಸರಿ. ಅಲ್ಲಿ ಒಬ್ಬರದೇ ಇದ್ದರೆ ನಾನು ಬೀದಿಯಲ್ಲಿ ತಲೆಯೆತ್ತುವ ಹಾಗಿಲ್ಲ. ಅದಾದರೂ ಹೋಗಲಿ, ನನ್ನ ಹಳೆಯ ಒಂಟಿ ಮನೆಗೂ ನಾನು ವಾಪಸ್ ಹೋಗುವ ಹಾಗಿಲ್ಲ. ಇನ್ನೊಬ್ಬರು ಕೂತು ಎದ್ದುಹೋದ ಜಾಗ ಅಲ್ಲಿ ಹಾಗೇ ಉಳಿಯುತ್ತದೆ.

ಇಂಥದ್ದನ್ನು ನಾಳೆಗಿಟ್ಟುಕೊಂಡು ಕೂರುವ ಜಾಯಮಾನ ನನ್ನದಲ್ಲ. ಮೋಟರ್ ಆಫ್ ಮಾಡಿ, ಅರ್ಧ ಬೀಸಿದ ರಾಗಿಯನ್ನು ಹಾಗೇ ಬಿಟ್ಟು, ಕ್ವಾರಿ ದಾರಿ ಹಿಡಿದೆ. ಹಿಂತಿರುಗಿ ನೋಡಿದರೆ ಸಾಲಲ್ಲಿದ್ದವರೆಲ್ಲ ಹಿಂದೆ ಬರುತ್ತಿದ್ದಾರೆ, ಡಾಕ್ಟರು ಡಬ್ಬಿ ಹಿಡಿದುಕೊಂಡು ಅಚ್ಚಮ್ಮನ ಪಕ್ಕದಲ್ಲಿ. "ನೀವೆಲ್ಲ ಯಾಕ್ರೀ?" ಅಂತ ಗದರಿದೆ. "ನಮ್ಮ ಹಲ್ಲಿನ ವಿಷಯ ಇದು, ಬರ್ತೀವಿ" ಅಂದರು. ನಾನು ನಿಂತರೆ ಅವರೂ ನಿಲ್ಲುತ್ತಾರೆ, ನಡೆದರೆ ನಡೆಯುತ್ತಾರೆ. ಕಾಯಿಪಲ್ಯ ಅಂಗಡಿ ದಾಟುವಷ್ಟರಲ್ಲಿ ತಹಶೀಲ್ದಾರರೂ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಂದು ಸೇರಿಕೊಂಡರು. ಕ್ವಾರಿಯ ತಿರುವಿನಲ್ಲಿ ಕೈಮುಗಿದು ಕೇಳಿಕೊಂಡ ಮೇಲೆ ಅಲ್ಲೇ ಬೇಲಿಯ ಮರೆಯಲ್ಲಿ ಕೂತರು.

ತಿಪ್ಪೇಸ್ವಾಮಿ ಅಂಗಳದಲ್ಲಿ ಉಳಿ ಮಸೆಯುತ್ತಿದ್ದರು. ನನ್ನನ್ನು ಕಂಡು ಗಾಬರಿಯಿಂದ ಎದ್ದು ನಿಂತರು.

"ಕಲ್ಲು ಆಗಲೇ ಸವೀತಾ?"

"ಬಿಸಿಲಲ್ಲಿ ಬಂದಿದೀನಿ. ಒಂದ್ಲೋಟ ನೀರು ಕೊಡಿ," ಅಂತ ಹೇಳಿ ನೇರ ಬಚ್ಚಲ ಕಡೆ ನಡೆದೆ. ನೀರಿನ ನೆಪದಲ್ಲಿ ಹಂಡೆ ನೋಡುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಅವರು ದಡಬಡ ಅಂತ ಓಡಿ ಬಂದು ಬಚ್ಚಲ ಬಾಗಿಲಿಗೆ ಅಡ್ಡ ನಿಂತರು.

"ಬೇಡ. ಸೋಡಾ ತರಿಸ್ತೀನಿ."

"ಈ ಕ್ವಾರೀಲಿ ಸೋಡಾ ಎಲ್ಲಿಂದ ತರಿಸ್ತೀರಿ?"

"ಎಳನೀರು?"

"ತಿಪ್ಪೇಸ್ವಾಮಿಯವರೇ, ಮನೆಗೆ ಬಂದೋರಿಗೆ ಹಂಡೆ ತೋರಿಸಲ್ಲ ಅಂತೀರಾ?"

ಅವರು ತಲೆ ತಗ್ಗಿಸಿದರು, ಬಾಗಿಲು ಬಿಡಲಿಲ್ಲ. ಅಂದರೆ ಒಬ್ಬರ ಗಿಡವೇ. ನಾನು ಬಂದದ್ದೇಕೆ ಅಂತ ಅರ್ಥವಾಗಿದೆ, ಮುಖದ ಮೇಲೆ ಹೊಡೆದ ಹಾಗೆ ತೋರಿಸಲು ಮನಸ್ಸಿಲ್ಲ, ಒಳ್ಳೆಯ ಮನುಷ್ಯ. ಹಾಗೇ ತಿರುಗಿ ಹೋಗಿಬಿಡಬೇಕು ಅನ್ನಿಸಿತು. ಹೋಗಲಿಲ್ಲ. ಅವರ ತೋಳಿನ ಕೆಳಗೆ ನುಸುಳಿ ಒಳಗೆ ಹೋಗಿ ಹಂಡೆಗೆ ಬಗ್ಗಿದೆ.

ಹಂಡೆಯಲ್ಲಿ ಗಿಡವಿರಲಿಲ್ಲ. ನೀರಿನಲ್ಲಿ ನನ್ನ ಮುಖ ಕಾಣುತ್ತಿತ್ತು, ಕೂದಲ ತುಂಬ ಹಿಟ್ಟು. ಹಂಡೆಯ ನೀರಿನಲ್ಲಿ ಮುಖ ಕಾಣುವುದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ತಳದಲ್ಲಿ ಕರಿ ಬೀಜಗಳು ಸಣ್ಣಗೆ ಕೂತಿದ್ದವು.

"ನೋಡಿದ್ರಲ್ಲ," ಅಂದರು ಹಿಂದಿನಿಂದ. "ಮನೇಲಿ ಯಾರೂ ಇಲ್ಲ ಅಂತಿದೆ. ನಾನು ಇದೀನಿ, ಅನ್ನ ಮಾಡ್ಕೊಂಡು ತಿಂತೀನಿ, ಇಲ್ಲೇ ಮಲಗ್ತೀನಿ. ಅದಕ್ಕೆ ನಾನು ಕಾಣಲ್ಲ. ಕೆರೆಯಿಂದ ಹೊಸ ಗಿಡ ತಂದು ಬಿಟ್ಟೆ, ಅದೂ ಮುಳುಗ್ತು. ನಂದು ಮುಗೀತು ಪ್ರಭಕ್ಕ. ಅದಕ್ಕೇ ಬೇರೆಯೋರನ್ನ ನೋಡ್ಕೊಳ್ಳಿ ಅಂದಿದ್ದು. ಇವತ್ತೋ ನಾಳೆಯೋ ಹೋಗೋನು ನಿಮ್ಮ ಮುಂದೆ ಕೂತು ಏನಂತ ಬಾಯಿ ಬಿಡ್ಲಿ?"

"ಏನು ಬಾಯಿ ಬಿಡಬೇಕಿತ್ತು?"

ಅವರು ಗೋಡೆ ನೋಡಿದರು. ಕಿವಿ ಕೆಂಪಗಾಯಿತು. ಅಷ್ಟು ಗಟ್ಟಿಮುಟ್ಟಾದ, ಕ್ವಾರಿಯ ಕಲ್ಲು ಎತ್ತುವ ಮನುಷ್ಯ ಸಾಯುತ್ತಿದ್ದಾರೆಂದರೆ ಯಾರೂ ನಂಬುವ ಹಾಗಿರಲಿಲ್ಲ.

"ಯಾವತ್ತಿಂದ ಹೀಗೆ?" ಅಂತ ಕೇಳಿದೆ.

"ಅಮಾವಾಸ್ಯೆ ಮಾರನೇ ದಿನ ಎದ್ದು ನೋಡಿದ್ರೆ ಬರೀ ನೀರು."

ನನಗೆ ನಗು ಬಂತು. ತಡೆಯಲು ಸೆರಗು ಬಾಯಿಗಿಟ್ಟುಕೊಂಡೆ, ಆಗಲಿಲ್ಲ. ಹಂಡೆಯ ಅಂಚು ಹಿಡಿದುಕೊಂಡು ನಕ್ಕೆ, ನಗುತ್ತಲೇ ಕಣ್ಣಲ್ಲಿ ನೀರು ಬಂತು, ಮುಖದ ಹಿಟ್ಟೆಲ್ಲ ಕಲಸಿಹೋಯಿತು. ಬೇಲಿಯ ಮರೆಯಲ್ಲಿದ್ದವರು ಏನಾಯಿತೆಂದು ಕಾಣದೆ ಎದ್ದು ನಿಂತದ್ದು ಕಿಟಕಿಯಿಂದ ಕಾಣಿಸಿತು.

"ಸಾಯೋನ ಮುಂದೆ ಹಿಂಗೆ ನಗ್ತೀರಲ್ಲ," ಅಂದರು ತಿಪ್ಪೇಸ್ವಾಮಿ, ನೊಂದುಕೊಂಡು.

"ನೀವು ಸಾಯ್ತಿಲ್ಲ. ಮನೆ ಬಿಟ್ಟಿದೀರಿ ಅಷ್ಟೇ. ಅಮಾವಾ​ಸ್ಯೆ ಮಾರನೇ ದಿನದಿಂದ ನನ್ನ ಹಂಡೇಲಿದೀರಿ. ಇಡೀ ಊರು ಬಂದು ನೋಡ್ಕೊಂಡು ಹೋಗಿದೆ, ನಿಮಗೊಬ್ಬರಿಗೆ ಗೊತ್ತಿಲ್ಲ."

ಅವರು ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ಹೊಸ್ತಿಲ ಮೇಲೆ ಕೂತರು. ಬಹಳ ಹೊತ್ತು ತಮ್ಮ ಅಂಗೈಗಳನ್ನೇ ತಿರುವಿ ಮುರುವಿ ನೋಡಿಕೊಂಡರು, ಅವು ತಮ್ಮವೇ ಹೌದೋ ಅಲ್ಲವೋ ಅನ್ನುವ ಹಾಗೆ. ಆಮೇಲೆ ತಲೆಯೆತ್ತಿದರು.

"ಅಲ್ಲಿ ನಾನು ಹೇಗಿದೀನಿ?" ಅಂತ ಕೇಳಿದರು.

"ಚೆನ್ನಾಗಿದೀರಿ," ಅಂದೆ. "ಸ್ವಲ್ಪ ಜಾಗ ಜಾಸ್ತಿ ತಗೊಂಡಿದೀರಿ, ಅಷ್ಟೇ."